ಖಾತ್ರಿ ಅಕ್ಕ

ನಮ್ಮ ಆಫೀಸಿನಲ್ಲಿ ಎಲ್ಲರ ಕೋಡನ್ನೂ ಜೋಡಿಸಿಕೊಡುವ ಬಿಲ್ಡ್ ಪ್ರೋಗ್ರಾಂ ಇರುವುದು ಖಾತ್ರಿ ಅಕ್ಕನ ಕೈಯಲ್ಲಿ. ಟೀ ಬೇಕೇ ಎಂದರೆ "ಬೇಕು" ಎನ್ನುತ್ತಾರೆ, ಇಲ್ಲವೇ "ಬೇಡ". "ನೋಡೋಣ" ಎಂಬ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲ. ನಾವು ಹಾಗೆಂದರೆ ಕನ್ನಡಕ ಹಣೆಗೇರಿಸಿ, "ನೋಡೋಣ ಅಂದ್ರೆ ಹೌದಾ, ಇಲ್ವಾ? ಪಾಪ, ಯಂತ್ರ ಏನಂತ ತಿಳ್ಕೋಬೇಕು?" ಎಂದು ಜೀವ ತಿನ್ನುತ್ತಾರೆ. ಸಂಖ್ಯೆ ಬೇಕಾದಲ್ಲಿ ಪದ ತುಂಬಿದರೆ, ಒಂದು ಆಯ್ಕೆಯನ್ನು ಖಾಲಿ ಬಿಟ್ಟರೆ, ಅವರ ಪ್ರೋಗ್ರಾಂ ಜಪ್ಪಯ್ಯ ಅಂದರೂ ಮುಂದೆ ಸಾಗದು. ಮನೆಯಲ್ಲಿ ಗಂಡ "ಬೇಗ ಬರ್ತೀನಿ" ಎಂದರೆ ಗಂಟೆ, ನಿಮಿಷ ಹೇಳದೆ ಹೊಸಿಲು ದಾಟುವಂತಿಲ್ಲವಂತೆ. ಇಷ್ಟೇಕೆ ಬಿಗಿ ಎಂದು ಒಮ್ಮೆ ಕೇಳಿದೆ. ಕೆಲಸಕ್ಕೆ ಸೇರಿದ ವರ್ಷ, 'ಹಳೆಯದನ್ನು ಅಳಿಸಲೇ?' ಎಂಬ ಆಯ್ಕೆಯ ಮುಂದೆ ಅವರು 'ಬೇಡ' ಎಂದೇ ಬರೆದಿದ್ದರಂತೆ. ಆಗಿನ ಪ್ರೋಗ್ರಾಂಗೆ ಓದಲು ಬರುತ್ತಿರಲಿಲ್ಲ. ಆ ಜಾಗ ಖಾಲಿ ಇಲ್ಲದಿದ್ದರೆ ಸಾಕು, ಏನು ಬರೆದರೂ ಅದಕ್ಕೆ 'ಹೌದು' ಎಂದೇ ಲೆಕ್ಕ. ತಂಡದ ಮೂರು ತಿಂಗಳ ದುಡಿಮೆ ಅಳಿಸಿಹೋಯಿತು. "ಬೇಡ ಅಂದಿದ್ದೆ ಕಣಪ್ಪಾ, ಯಾರೂ ನಂಬ್ಲಿಲ್ಲ," ಎಂದರು. ಮೊನ್ನೆ ಅವಸರದಲ್ಲಿ ನಾನು ಅದೇ ಆಯ್ಕೆಯ ಮುಂದೆ ಫೋಲ್ಡರಿನ ಹೆಸರು ತುಂಬಿಬಿಟ್ಟೆ. ಎಂಟರ್ ಒತ್ತಿದ ಮೇಲೇ ಅದು ಗೊತ್ತಾದದ್ದು. ಪರದೆಯ ಮೇಲೆ ಅಕ್ಕ ಎಂದೋ ಬರೆದಿಟ್ಟಿದ್ದ ಸಾಲು ಮೂಡಿತು: "ಇಲ್ಲಿ ಹೌದು ಅಥವಾ ಬೇಡ ಮಾತ್ರ. ಗಾಬರಿಯಾಗಬೇಡಿ, ಇನ್ನೂ ಏನನ್ನೂ ಅಳಿಸಿಲ್ಲ."