ಕಾಕಾನ ಎದೆಯೊಳಗೆ ಹೊಕ್ಕ ಸಿ.ಡಿ.

ವಿಭೂತಿ ಹಚ್ಚಿದ ಸಿ.ಡಿ.ಯನ್ನು ನೀವು ಯಾರಾದರೂ ನೋಡಿದ್ದೀರಾ? ನಾನು ಕಳೆದ ವಾರ ನೋಡಿದೆ. ಅದೂ ಹೊಳೆಯುವ ಬದಿಗೆ, ಮೂರು ಬೆರಳು ಎಳೆದು ಹಚ್ಚಿದ್ದು. ನಡುವಿನ ತೂತಿನ ಪಕ್ಕದಲ್ಲಿ ಒಂದು ಕುಂಕುಮದ ಬೊಟ್ಟು ಬೇರೆ.

ಇರಲಿ, ಮೊದಲಿನಿಂದ ಹೇಳುತ್ತೇನೆ.

ಧುಪದಾಳದಲ್ಲಿರುವ ನಮ್ಮ ಕಾಕಾನ ಹೃದಯದ ವಾಲ್ವ್ ಒಂದು ಕೆಟ್ಟಿದೆ. ಆಪರೇಶನ್ ಮಾಡಿ ಬದಲಿಸಲೇಬೇಕು, ತಡ ಮಾಡಿದರೆ ಜೀವ ಉಳಿಯುವುದು ಕಷ್ಟ ಎಂದು ಬೆಳಗಾವಿಯ ಡಾಕ್ಟರು ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ಕಾಕಾ ಒಲ್ಲೆ ಎಂದು ಕೂತರು. ಹೆದರಿಕೆಯಿಂದಲ್ಲ. ಹೊಳೆಗೆ ಮಹಾಪೂರ ಬಂದಾಗ ನೀರಿಗಿಳಿದು ಪಂಪ್‌ಸೆಟ್ ಎತ್ತಿ ತಂದ ಮನುಷ್ಯ ಅವರು. ಅವರ ತಕರಾರೇ ಬೇರೆ.

"ಎದಿ ಮ್ಯಾಲ ಲಿಂಗ ಐತಿ. ಲಿಂಗ ಇರೂ ಜಾಗಾದಾಗ ಕತ್ತರಿ ಹಾಕಸೂದಿಲ್ಲ."

ಮುಗಿಯಿತು. ಇದಕ್ಕೆ ಯಾವ ಡಾಕ್ಟರ ಹತ್ತಿರ ಔಷಧವಿದೆ? ಕಾಕಾನ ಹೆಂಡತಿ, ನಮ್ಮ ಕಾಕು, ಅತ್ತು ಅತ್ತು ಸಾಕಾದರು.

ಆಗ ನನಗೆ ನೆನಪಾದದ್ದು ಕಂಪ್ಯೂಟರ್ ಮಾಸಿಕವೊಂದರ ಜೊತೆ ಪುಕ್ಕಟೆ ಬಂದಿದ್ದ ಸಿ.ಡಿ. ಮನುಷ್ಯನ ದೇಹದೊಳಗೆಲ್ಲ ಸುತ್ತಾಡಿಸಿ, ಹೃದಯ ಬಡಿಯುವುದನ್ನೂ ತೋರಿಸುತ್ತದಂತೆ. 'ಅಂತೆ' ಯಾಕೆಂದರೆ ನಾನೇ ನೋಡಿರಲಿಲ್ಲ. ಗೋಕಾಕದ ನಮ್ಮ ಮನೆಯಲ್ಲಿರುವುದು ಫ್ಲಾಪಿ ಕಾಲದ ಕಂಪ್ಯೂಟರ್. (ಸ್ವಿಚ್ ಹಾಕಿ, ಚಹಾ ಮಾಡಿ ಕುಡಿದು ಬಂದರೂ ಅದಿನ್ನೂ ಕಣ್ಣು ಉಜ್ಜುತ್ತಿರುತ್ತದೆ.) ಸಿ.ಡಿ. ಹಾಕಲು ಅದಕ್ಕೆ ಬಾಯಿಯೇ ಇಲ್ಲ.

ಕಂಪ್ಯೂಟರ್ ರಿಪೇರಿ ಮಾಡುವ ಮಹಾವೀರನಿಗೆ ಫೋನ್ ಹಚ್ಚಿದೆ. "ಮುದಕೀಗೆ ಹೊಸಾ ಹಲ್ಲ ಕಟ್ಟಸೂದೇನ್ರಿ ಅಕ್ಕಾರ?" ಎಂದು ನಕ್ಕ. ಆದರೂ ರವಿವಾರ ಸಿ.ಡಿ. ಡ್ರೈವ್ ಹಿಡಿದುಕೊಂಡು ಬಂದ. ಕಾಕಾ, ಕಾಕು ಇಬ್ಬರನ್ನೂ ನಾನು ಅಂದೇ ಊಟಕ್ಕೆ ಕರೆದಿದ್ದೆ.

ಕಂಪ್ಯೂಟರಿನ ಡಬ್ಬಿ ಬಿಚ್ಚಿದರೆ ಒಳಗೆ ಮುಷ್ಟಿ ಮುಷ್ಟಿ ಧೂಳು. ಮೂಲೆಯಲ್ಲಿ ಜೇಡ ಸಂಸಾರ ಹೂಡಿತ್ತು. ಮಹಾವೀರ ಎಲ್ಲ ಒರೆಸಿ, ಡ್ರೈವ್ ಕೂರಿಸಿ, ಪಟ್ಟಿಯಂಥ ಕೇಬಲ್ ಸಿಕ್ಕಿಸಿ ಚಾಲೂ ಮಾಡಿದ. ಕಂಪ್ಯೂಟರ್ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಹಳೇ ಮಂದಿ ರಿ. ಹೊಸಬರನ್ನ ಲಗೂನ ಒಪ್ಪಂಗಿಲ್ಲ" ಎನ್ನುತ್ತ ಡ್ರೈವ್ ಹಿಂದಿನ ಸಣ್ಣ ಪಿನ್ ಒಂದನ್ನು ಕಿತ್ತು ಬಾಜೂಕ್ಕೆ ಚುಚ್ಚಿದ. ಈ ಸಲ ಒಪ್ಪಿಕೊಂಡಿತು. ಗುಂಡಿ ಒತ್ತಿದೊಡನೆ ತಟ್ಟೆ ತಾನಾಗಿ ಹೊರಗೆ ಬಂತು. ಕಾಕು ಒಂದು ಹೆಜ್ಜೆ ಹಿಂದೆ ಸರಿದು ಕೈ ಮುಗಿದರು.

ನಾನು ಚಹಾಕ್ಕೆಂದು ಒಳಗೆ ಹೋದೆ, ಮಹಾವೀರ ಕೈ ತೊಳೆಯಲು ಹೋದ. ಅಷ್ಟರಲ್ಲಿ ಪೂಜೆ ಆಗಿಹೋಗಿತ್ತು. ಸೈಕಲ್ಲಿರಲಿ, ಗಿರಣಿಯಿರಲಿ, ಮನೆಗೆ ಹೊಸ ಮಷಿನ್ ಬಂದರೆ ಪೂಜೆಯಾಗದೆ ನಡೆಸುವ ರೂಢಿ ನಮ್ಮಲ್ಲಿಲ್ಲ. ಕಾಕು ಪೂಜೆ ಮಾಡಿದ್ದು ನಮ್ಮಿಬ್ಬರಿಗೂ ಗೊತ್ತಾಗಲಿಲ್ಲ. ಸಿ.ಡಿ. ಹಾಕಿದೆವು. ಡ್ರೈವ್ ಗರ್ರ್ ಎಂದು ತಿಣುಕಿತು, ಒಳಗೆ ಏನೂ ಇಲ್ಲ ಎಂದು ಪರದೆ ಹೇಳಿತು. ಹೊರಗೆ ತೆಗೆದು ಮಗುಚಿದರೆ ವಿಭೂತಿ.

"ಕಾಕು, ಈ ಬದಿಗೆ ಯಾಕ ಹಚ್ಚಿದಿ?"

"ಹೊಳಿಯೂದ ಮಕಾ ಅಲ್ಲೇನ? ಬೆನ್ನಿಗೆ ಯಾರರ ವಿಭೂತಿ ಹಚ್ತಾರೇನವಾ?"

ಮಹಾವೀರ ನಗು ನುಂಗಿಕೊಂಡು ಕರವಸ್ತ್ರದಿಂದ ಮೆಲ್ಲಗೆ ಒರೆಸಿದ.

ಆಮೇಲೆ ಬಂತು ನೋಡಿ, ಹೃದಯ.

ನಮ್ಮ ಕಂಪ್ಯೂಟರಿಗೆ ಸೌಂಡ್ ಕಾರ್ಡ್ ಇಲ್ಲ. ಹಾಗಾಗಿ ಸದ್ದಿಲ್ಲದೆ ಬಡಿಯುತ್ತಿತ್ತು. ಕೆಂಪಗೆ, ಒಮ್ಮೆ ಹಿಂಡಿಕೊಂಡು, ಒಮ್ಮೆ ಸಡಿಲಾಗಿ. ಒಳಗೆ ತೆಳ್ಳನೆಯ ಬಾಗಿಲುಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. (ಪ್ರೇಮಪತ್ರದಲ್ಲಿ ಬಿಡಿಸುತ್ತೇವಲ್ಲ, ಆ ಆಕಾರಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ.) ಇದೇ ಅಂಕಣದಲ್ಲಿ ನಾನು 'ಹೃದಯ' ಎಂದು ಎಷ್ಟು ಸಲ ಬರೆದಿಲ್ಲ? ಅದು ಇಷ್ಟು ದುಡಿಯುತ್ತದೆ ಎಂದು ತಿಳಿದಿರಲಿಲ್ಲ. ಮಹಾವೀರನ ಚಹಾ ಆರಿ ತಣ್ಣಗಾಯಿತು.

ಕಾಕಾ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಆ ಪಡದೆ ಹಂಗ ಬಡಕೊಳ್ಳೂದ ವಾಲ್ವ್ ಏನ?"

"ಹೌದ ಕಾಕಾ."

"ನಮ್ಮ ಪಂಪಿನ ಫುಟ್‌ವಾಲ್ವ್ ಇದ್ದಂಗ ಐತಿ. ಏರಿದ್ದನ್ನ ಹಿಂದಕ ಬಿಡಂಗಿಲ್ಲ." ಸ್ವಲ್ಪ ಹೊತ್ತು ನೋಡಿ ಕೇಳಿದರು. "ಇದಕ ಸೂಟಿ ಯಾವಾಗ?"

"ಸೂಟಿ ಇಲ್ಲ ಕಾಕಾ. ನೀ ಮಲಗಿದಾಗೂ ನಡೀತಿರ್ತೈತಿ."

"ತಾಯಿ ಹೊಟ್ಟ್ಯಾಗ ಇದ್ದಾಗಿಂದ?"

"ಹೂಂ."

ಕಾಕಾ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು. "ಲಿಂಗದ ಹಿಂದ ಕುಂತ ಇದೊಂದ ಇಷ್ಟ ವರ್ಷ ಕಾಯಕ ಮಾಡಾಕತ್ತಿತ್ತು. ನನಗ ಅದರ ಖಬರ ಇರಲಿಲ್ಲ ನೋಡ ಯವ್ವಾ."

ಅಷ್ಟರಲ್ಲಿ ಕರೆಂಟು ಹೋಯಿತು.

ಪರದೆ ಕಪ್ಪಾಯಿತು. ಸಿ.ಡಿ. ತಿರುಗುವ ಸದ್ದು ಸಣ್ಣಗಾಗುತ್ತ ನಿಂತಿತು. ಕಾಕಾನ ಅಂಗೈ ತಟ್ಟನೆ ತಮ್ಮ ಎದೆಯ ಮೇಲೆ ಹೋಗಿ ಅಲ್ಲೇ ಉಳಿಯಿತು. ಕಾಕು ಗಂಡನ ಮುಖವನ್ನೇ ನೋಡುತ್ತಿದ್ದರು.

"ಅದ ನಿಂತತಿ" ಎಂದರು ಕಾಕಾ, ಪರದೆಯ ಕಡೆ ನೋಡಿ. "ಇದ ನಡದೈತಿ. ಇದೂ ನಿಲ್ಲೂಕಿಂತ ಮೊದಲ ಬೆಳಗಾವಿಗೆ ಹೋಗೂಣು."

"ಮತ್ತ ಲಿಂಗ?" ಕಾಕು ಹೆದರುತ್ತ ಕೇಳಿದರು.

"ದಿನಾ ಪೂಜಿಗೆ ಅಂಗೈಯಾಗ ಇಟ್ಕೋತೇನಿಲ್ಲ? ಆಪರೇಶನ್‌ದಾಗೂ ಅಂಗೈಯಾಗ ಹಿಡಕೊಂಡ ಮಲಗ್ತೇನಿ. ಎದಿ ಡಾಕ್ಟರ್ ನೋಡಕೊಳ್ಳಲಿ."

ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಹಾವೀರ ಎದ್ದು ಕಿಟಕಿ ತೆರೆದ.

ಕರೆಂಟು ತೆಗೆದವನಿಗೆ ನಾನು ಕೈ ಮುಗಿದದ್ದು ಈ ಜನ್ಮದಲ್ಲಿ ಅದೇ ಮೊದಲು.