ಮಾಸ್ತರರ ಮಣ್ಣೆತ್ತುಗಳು

ಚನಮಲ್ಲಪ್ಪ ಮಾಸ್ತರರು ಗೋಳಗುಮ್ಮಟಕ್ಕೂ ಪೂರಾ ಮಾರ್ಕು ಕೊಟ್ಟವರಲ್ಲ.

"ಒಳಗ ನೆಳ್ಳ ಐತಿ. ಆಡು ಮಲಗತಾವ, ನೀವು ಸಾಲಿ ತಪ್ಪಿಸಿ ಕೂಡತೀರಿ. ಉಪಯೋಗಕ್ಕ ಬಿತ್ತಲ್ಲಲೇ? ಅರ್ಧಾ ಮಾರ್ಕು! ಆ ಬಾರಾಕಮಾನ ನೋಡ್ರಿ. ಮ್ಯಾಲ ಚಾವಣಿನ ಇಲ್ಲ. ಬಿಸಲೂ ತಡಿಯೂದಿಲ್ಲ, ಮಳಿನೂ ತಡಿಯೂದಿಲ್ಲ. ಅದು ಲಲಿತಕಲಾ!"

ಅವರು ವಿಜಾಪುರದ ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು. ಎದುರು ಯಾರೇ ಬರಲಿ, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಚಾಚಿ, ಅಳತೆ ಮಾಡಿಕೊಂಡೇ ಮಾತಾಡುತ್ತಿದ್ದರು. ಹೆಡ್‌ಮಾಸ್ತರರನ್ನೂ ಹಾಗೇ ಅಳೆದರು, ಬಡ್ತಿ ಸಿಗಲಿಲ್ಲ. ಕಾವ್ಯ, ಸಂಗೀತ, ಚಿತ್ರ, ಶಿಲ್ಪ, ವಾಸ್ತು ಎಂದು ಐದು ಬೆರಳು ಮಡಚಿ, ಮುಷ್ಟಿಯನ್ನು ನಮ್ಮ ಮುಂದೆ ಬಿಚ್ಚುತ್ತಿದ್ದರು. "ಒಳಗ ಏನೈತಿ? ಏನೂ ಇಲ್ಲ. ಹೊಟ್ಟಿಗೆ ಆಗಲಾರದ್ದು, ಬಟ್ಟಿಗೆ ಆಗಲಾರದ್ದು, ಆದರೂ ಬಿಡಲಾರದ್ದು. ಬರಕೋರಿ."

ತಿಕೋಟಾದ ನಮ್ಮ ಮನೆಯಲ್ಲಿ ಹೆಬ್ಬೆಟ್ಟು ಬಿಟ್ಟು ಸಹಿ ಮಾಡಿದ ಮೊದಲ ಕೈ ನನ್ನದು. ಹೊಟ್ಟೆ ಬಟ್ಟೆಗಾಗಿಯೇ ಸಾಲಿಗೆ ಬಂದವನು ನಾನು. ಆದರೂ ಬರೆದುಕೊಂಡೆ.

ಒಮ್ಮೆ ಸಾಲಿಯ ಕಾಂಪೌಂಡಿನ ಮೇಲೆ 'ಇಲ್ಲಿ ಉಗುಳಬಾರದು' ಎಂದು ಬರೆಯಲು ಅವರಿಗೆ ಹುಕುಂ ಆಯಿತು. ಬರೆದರು; ಆದರೆ ಕುಂಚ ತೊಳೆಯುತ್ತ, "ಇದು ನನ್ನ ಕೈದಲ್ಲಂತ ತಿಳಕೋರಿ" ಎಂದರು. ಅವರಿಗಿದ್ದದ್ದು ಒಂದೇ ಆಸೆ: "ನಾ ಹ್ವಾದ ಮ್ಯಾಲೂ ನಂದೊಂದು ಕೆಲಸ ಉಳಿಬೇಕು ನೋಡು."

ಆಗ ನಡೆದಿದ್ದ ಮಹಾಯುದ್ಧದಿಂದಾಗಿ ವಿಲಾಯತಿ ಬಣ್ಣ ಬರುವುದು ನಿಂತಿತು. ಮಾಸ್ತರರು ಎರೆಮಣ್ಣಿಗೆ ಕೈ ಹಾಕಿದರು. ಪುಣೆಯ ಕಲಾಪ್ರದರ್ಶನಕ್ಕೆಂದು ಒಂದು ಜೋಡಿ ಎತ್ತು ಮಾಡಿ, ಕುಂಬಾರರ ಭಟ್ಟಿಗೆ ಕೊಡುವ ಮೊದಲು ಬಬಲೇಶ್ವರದ ತಮ್ಮ ಮನೆಯ ನೆರಳಲ್ಲಿ ಒಣಗಲಿಟ್ಟರು. ಅಷ್ಟರಲ್ಲಿ ಮಣ್ಣೆತ್ತಿನ ಅಮವಾಸ್ಯೆ ಬಂತು. ಹೋಳಿಗೆ ಊಟಕ್ಕೆ ನನ್ನನ್ನೂ ಕರೆದಿದ್ದರು. ಹೋಗಿ ನೋಡಿದರೆ ಪುಣೆಯ ಎತ್ತುಗಳು ಅರಿಷಿಣ ಕುಂಕುಮ ಹಚ್ಚಿಕೊಂಡು ದೇವರ ಜಗುಲಿ ಮೇಲೆ ನಿಂತಿದ್ದವು.

"ಯವ್ವಾ, ಯಾರನ್ನ ಕೇಳಿ ಪೂಜಿ ಮಾಡಿದಿ?"

"ಎತ್ತಿನ ಪೂಜಿಗೆ ಯಾರನ್ನ ಕೇಳಬೇಕೋ ಯಪ್ಪಾ?" ಎಂದಳು ಅವರ ತಾಯಿ ನಿಂಗವ್ವ.

"ಅವು ಎತ್ತಲ್ಲ ಬೇ! ಶಿಲ್ಪ!"

"ಕೊಂಬ ಅದಾವ, ಬಾಲ ಐತಿ. ಎತ್ತಲ್ಲದ ಏನು, ಕಲೆಕ್ಟರನ? ಪೂಜಿ ಆದ ಎತ್ತು ಮಳಿಗೆ ಸೇರಿದ್ದು. ಮಾಳಿಗಿ ಮ್ಯಾಲ ಇಟ್ಟು ಬಾ. ಊರ ಮಂದಿ ಬಿತ್ತಾಕ ಮುಗಿಲ ನೋಡಾಕತ್ತಾರ, ಇವಗ ಪುಣೆ ಚಿಂತಿ!"

ಮಾಸ್ತರರು ಸಹಾಯಕ್ಕಾಗಿ ನನ್ನತ್ತ ತಿರುಗಿದರು. "ನೀ ಓದಿದಾಂವ, ತಿಳಿಸಿ ಹೇಳು ನಮ್ಮವ್ವಗ."

ನಾನು ಕಲಿತಿದ್ದನ್ನೇ ಹೇಳಿದೆ. "ಸರ್, ಪೂಜಿಗೆ ಬಂದುವು ಅಂದ್ರ ಉಪಯೋಗಕ್ಕ ಬಂದಂಗ ಆತಲ್ಲರಿ? ಇನ್ನ ಲಲಿತಕಲಾ ಹೆಂಗ ಆಗತಾವ್ರಿ?"

ಮಾಸ್ತರರು ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಚಾಚಿ, ನನ್ನನ್ನು ಬಹಳ ಹೊತ್ತು ಅಳೆದರು. "ಪಾಠ ಛಲೋ ಕೇಳಿದಿ ಲೇ ಮಗನ" ಎಂದು, ತಾವೇ ಎತ್ತುಗಳನ್ನು ಎದೆಗವಚಿಕೊಂಡು ನಿಚ್ಚಣಿಕೆ ಏರಿದರು.

ನಾನು ಹೋಳಿಗೆ ಉಂಡು ಏಳುವಷ್ಟರಲ್ಲಿ ಮಮದಾಪುರದ ಕಡೆಯಿಂದ ಮೋಡ ಬಂದು ಮಳೆ ಹಿಡಿಯಿತು. ಮಾಸ್ತರರು ಕೆಳಗಿಳಿಯದೆ ಮಾಳಿಗೆ ಮೇಲೆಯೇ ನೆನೆಯುತ್ತ ನಿಂತರು. ಎತ್ತುಗಳು ಮೊದಲು ಮುಂಗಾಲು ಮಡಚಿದವು. "ಮ್ಯಾಲ ಬಾರಲೇ! ಖರೇ ಎತ್ತು ಮಲಗಿದಂಗ ಮಲಗಾಕತ್ತಾವ!" ಎಂದು ಅವರು ಕೂಗಿದ ದನಿಯಲ್ಲಿ ಅಳುವಿತ್ತೋ ಹೆಮ್ಮೆಯಿತ್ತೋ, ಮಳೆಯ ಸಪ್ಪಳದಲ್ಲಿ ತಿಳಿಯಲಿಲ್ಲ.

ಅವರ ಎತ್ತುಗಳು ಮಳೆ ತರುತ್ತವೆ ಎಂದು ಸುದ್ದಿಯಾಯಿತು. ಮರುವರ್ಷದಿಂದ ಅರ್ಧ ಬಬಲೇಶ್ವರ ಅವರ ಬಾಗಿಲಲ್ಲಿ ಮಣ್ಣು ಸುರಿದು ಹೋಗತೊಡಗಿತು. ಬೈಯುತ್ತ ಬೈಯುತ್ತ ಎಲ್ಲರಿಗೂ ಮಾಡಿಕೊಟ್ಟರು. ಮಳೆಯಲ್ಲಿ ಒಂದೂ ಉಳಿಯಲಿಲ್ಲ.

ಬಿ.ಎ. ಪಾಸಾದಾಗ ಪೇಢೆ ಹಿಡಿದುಕೊಂಡು ಹೋದೆ. ಹಾಸಿಗೆ ಹಿಡಿದಿದ್ದರು. ಪೇಢೆಯನ್ನೂ ಒಂದೇ ಕಣ್ಣಿನಿಂದ ಅಳೆದು ಕೇಳಿದರು: "ನೌಕರಿ ಸಿಕ್ಕೈತೇನು?"

"ಇನ್ನೂ ಇಲ್ಲರಿ."

"ಹಂಗಾರ ಸದ್ಯಕ್ಕ ನಿನ್ನ ಬಿ.ಎ. ಲಲಿತಕಲಾ ಐತಿ. ಜ್ವಾಕಿ."

ಅದೇ ಕೊನೆಯ ಮಾತು. ಆ ವರ್ಷದ ಮಣ್ಣೆತ್ತಿನ ಅಮವಾಸ್ಯೆಗೆ ಅವರಿರಲಿಲ್ಲ.

ಮೊನ್ನೆ ಹಳೆಯ ಸಾಲಿಯ ಮುಂದೆ ಹಾದುಹೋದೆ. ಕಾಂಪೌಂಡಿನ ಮೇಲೆ 'ಇಲ್ಲಿ ಉಗುಳಬಾರದು' ಹಾಗೇ ಇದೆ, ಒಂದು ಒತ್ತೂ ಅಳಿಸಿಹೋಗಿಲ್ಲ. ಅದರ ಕೆಳಗೆ ಗೋಡೆಯ ತುಂಬ ಎಲೆಅಡಿಕೆಯ ಕೆಂಪು. ನಾನು ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಚಾಚಿ ನೋಡಿದೆ. ಪೂರಾ ಮಾರ್ಕು ಕೊಟ್ಟು ಬಂದೆ.