ಗ್ಯಾಸ್ ಎಂಬ ಮರ್ಯಾದಸ್ಥ ಪದ

ನಂಜನಗೂಡು, ನರಸೀಪುರ ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ಜೀವಮಾನವಿಡೀ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ನನ್ನ ಬೋಧನೆಯಿಂದ ಈ ಸೀಮೆಯಲ್ಲಿ ಉಳಿದ ಇಂಗ್ಲಿಷ್ ಎಷ್ಟು ಎಂದು ಹುಡುಕಿದರೆ, ಎಲ್ಲರ ಬಾಯಲ್ಲೂ ಗಟ್ಟಿಯಾಗಿ ನಿಂತಿರುವ ಪದ ಒಂದೇ ಒಂದು: ಗ್ಯಾಸು. ಅದನ್ನೂ ಕಲಿಸಿದವನು ನಾನಲ್ಲ.

ಹೂಸು ಎಂಬುದು ಅಚ್ಚಗನ್ನಡದ ಪದ. ಆದ್ದರಿಂದಲೇ ಅದಕ್ಕೆ ಜಗಲಿಯ ಮೇಲೆ ಪ್ರವೇಶವಿಲ್ಲ. ಈ ಸಾಲು ಬರೆಯುವಾಗಲೂ ಮನೆಯಾಕೆ ಹಿಂದೆ ನಿಂತಿದ್ದಾಳೇನೋ ಎಂದು ಒಮ್ಮೆ ತಿರುಗಿ ನೋಡಿದೆ. ಅದೇ ವಾಯುವಿಗೆ ಇಂಗ್ಲಿಷಿನ ಶರಟು ತೊಡಿಸಿ ನೋಡಿ. ಬೀಗರ ಮುಂದೆ, ಬ್ಯಾಂಕಿನ ಮ್ಯಾನೇಜರ ಮುಂದೆ ಕಾಲ ಮೇಲೆ ಕಾಲು ಹಾಕಿ ಕೂರುತ್ತದೆ. "ನಂಗೆ ಸ್ವಲ್ಪ ಗ್ಯಾಸು ಸಾ" ಎನ್ನುವವರ ಮುಖದಲ್ಲಿ ನಾಚಿಕೆಯಿರಲಿ, ಒಂದು ಬಗೆಯ ಅಭಿಮಾನವನ್ನೇ ಕಂಡಿದ್ದೇನೆ. ನಮ್ಮ ಹಿರಿಯರೂ ಕಡಿಮೆಯವರಲ್ಲ. ಅವರು ಇದನ್ನು ಅಪಾನವಾಯು ಎಂದು ಕರೆದು ಪಂಚಪ್ರಾಣಗಳ ಪಂಕ್ತಿಯಲ್ಲಿ ಕೂರಿಸಿದ್ದರು. ಅಂದರೆ ಈ ಪದಾರ್ಥ ಯಾವ ಕಾಲದಲ್ಲೂ ಪರಭಾಷೆಯ ಬಾಗಿಲಿನಿಂದಲೇ ನಡುಮನೆಗೆ ಬಂದದ್ದು.

ಇಂಗ್ಲಿಷರದು ಬೇರೆ ಕಥೆ. ಅವರಲ್ಲಿ ಹೂಸಿಗೆ 'ಫಾರ್ಟ್' ಎಂಬ ಒಂದು ಹಳೆಯ ಗಿಡ್ಡ ಪದವಿದೆ. ಕೆಲಸವಿಲ್ಲದೆ ಕಾಲ ತಳ್ಳುವುದಕ್ಕೂ ಅದೇ, ಹಳೇ ತಲೆಯ ಮುದುಕನನ್ನು ಬಯ್ಯುವುದಕ್ಕೂ ಅದೇ. ಎರಡೂ ನನ್ನನ್ನೇ ಕುರಿತು ಹುಟ್ಟಿದ ಪ್ರಯೋಗಗಳೆಂಬ ಅನುಮಾನ ನನಗಿದೆ, ಇರಲಿ. ಆದರೆ ಅವರು ಆ ಪದವನ್ನು ಎಲ್ಲೆಲ್ಲಿಗೋ ಒಯ್ದರೂ ಎದೆಯವರೆಗೆ ಮಾತ್ರ ಏರಿಸಲಿಲ್ಲ. ಆ ಸಾಧನೆ ನಮ್ಮದು. ನಮ್ಮಲ್ಲಿ ಬೆನ್ನು ಹಿಡಿದರೆ ಗ್ಯಾಸು, ತಲೆ ಸುತ್ತಿದರೆ ಗ್ಯಾಸು, ಮಂಡಿ ನೋವು ದಾರಿ ತಪ್ಪಿ ಕೆಳಗಿಳಿದ ಗ್ಯಾಸು. ಎದೆ ನೋವಂತೂ ಗ್ಯಾಸಿನ ರಾಜಧಾನಿ.

ಮಾದಯ್ಯ ನನ್ನ ಜೊತೆಯಲ್ಲೇ ಕೆಲಸ ಮಾಡಿದ ವಿಜ್ಞಾನದ ಮೇಷ್ಟ್ರು. ಬಣ್ಣದ ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಅವನು ಬರೆಯುತ್ತಿದ್ದ ಹೃದಯದ ಚಿತ್ರವನ್ನು ಮುಂದಿನ ಪೀರಿಯಡ್ಡಿನಲ್ಲಿ ಅಳಿಸಲು ನನಗೇ ಮನಸ್ಸಾಗುತ್ತಿರಲಿಲ್ಲ. ಹೋದ ವರ್ಷ ನಾವಿಬ್ಬರೂ, ಅವನ ಹೆಂಡತಿ ಗೌರಮ್ಮನೂ ಬನ್ನೂರಿಗೆ ಒಂದು ಬೀಗರೂಟಕ್ಕೆ ಹೋಗಿದ್ದೆವು. ಬನ್ನೂರಿನ ಕುರಿಯ ರುಚಿಯನ್ನು ನಾನು ಇಲ್ಲಿ ಹೊಗಳಬೇಕಿಲ್ಲ. ಕೈ ತೊಳೆದು ಬಂದ ಮಾದಯ್ಯ ಕುರ್ಚಿಯಲ್ಲಿ ಕುಸಿದ. ಅಂಗಿ ಬೆವರಿಗೆ ಮೈಗಂಟಿತ್ತು. ಎದೆಯ ಮೇಲೆ ಕೈ ಇಟ್ಟುಕೊಂಡಿದ್ದ.

ಛತ್ರದ ಅರ್ಧ ಜನ ಸುತ್ತ ನೆರೆದರು. ತೀರ್ಪು ತಕ್ಷಣ ಬಂತು.

"ಗ್ಯಾಸ್ ಕಣ್ ಸಾ! ಮಟನ್ ತಿಂದ್ರಲ್ಲ, ಮ್ಯಾಕ್ಕೆ ಒಡ್ದದೆ. ಲೇ, ಒಂದು ಸೋಡಾ ತತ್ತಾಲಾ!"

ಗೌರಮ್ಮ ಬೀಗರೂಟ ಹಾಕಿಸಿದ್ದ ಮನೆಯ ಯಜಮಾನನ ಹತ್ತಿರ ಹೋಗಿ ಬೇಡಿಕೊಂಡರು. "ಎಡಗೈ ಸೆಳೀತದೆ ಅಂತಾವ್ರೆ ಕಣಣ್ಣಾ. ಆಸ್ಪತ್ರೆಗೆ ತೋರಿಸ್ಬುಡಮ."

"ಸುಮ್ಕಿರಕ್ಕಾ. ಶುಭಕಾರ್ಯದ ಮನೇಲಿ ಆಸ್ಪತ್ರೆ ಮಾತ್ಯಾಕೆ? ಒಂದು ತೇಗು ಬಂದ್ರೆ ಎಲ್ಲಾ ಸರೋಯ್ತದೆ."

ಆಸ್ಪತ್ರೆ ಅಲ್ಲಿಂದ ಕೂಗಳತೆಯಲ್ಲಿತ್ತು. ಹೋಗೋಣ ಏಳು ಎಂದು ನಾನೂ ಅವನ ತೋಳು ಹಿಡಿದೆ. ಮಾದಯ್ಯ ಕೊಡವಿಕೊಂಡ. "ನೀವು ಇಂಗ್ಲಿಷ್ ಮೇಷ್ಟ್ರು, ಸುಮ್ನಿರಿ. ಹೊಟ್ಟೆ ನನ್ನ ಸಬ್ಜೆಕ್ಟು."

ನಾಲ್ಕು ಜನ ಸೇರಿ ಬೆನ್ನು ಗುದ್ದಿದರು, ಸೋಡಾ ಕುಡಿಸಿದರು, ಮತ್ತೆ ಗುದ್ದಿದರು. ಕೊನೆಗೊಂದು ತೇಗು ಬಂತು. "ಬಂತು, ಬಂತು!" ಎಂದು ಛತ್ರವೇ ಕೂಗಿತು, ಮೊಮ್ಮಗ ಹುಟ್ಟಿದ ಸುದ್ದಿಗೂ ಆ ಸಂಭ್ರಮ ಇರಲಾರದು. ಮಾದಯ್ಯನೂ ನಕ್ಕ. ನಮ್ಮ ನಂಜನಗೂಡಿನ ಸ್ವಾಮಿ ವಿಷ ನುಂಗಿ ಗಂಟಲಲ್ಲೇ ತಡೆದವನು. ಪುಣ್ಯಕ್ಕೆ ಆ ಹೊತ್ತಿನಲ್ಲಿ ಸುತ್ತ ನಮ್ಮವರಿರಲಿಲ್ಲ. ಇದ್ದಿದ್ದರೆ ಅವನಿಗೂ ಸೋಡಾ ಕುಡಿಸಿ ಬೆನ್ನು ಗುದ್ದುತ್ತಿದ್ದರು.

ಬಸ್ಸು ಹತ್ತಿದೆವು. ಮಾದಯ್ಯ ಕಿಟಕಿಗೆ ತಲೆಯಾನಿಸಿದ. ಗೌರಮ್ಮ ಸೆರಗಿನಿಂದ ಗಾಳಿ ಹಾಕುತ್ತಲೇ ಇದ್ದರು. ನಂಜನಗೂಡಿನ ಬಸ್ಸಿಗೆ ಬದಲಾಯಿಸಬೇಕಾದ ನರಸೀಪುರದ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು. ಮಾದಯ್ಯ ಇಳಿಯಲಿಲ್ಲ.

ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ನೋಡಿ, "ಹಾರ್ಟ್ ಅಟ್ಯಾಕು. ನೋವು ಬಂದ ಕೂಡಲೇ ಯಾಕೆ ತೋರಿಸಲಿಲ್ಲ?" ಎಂದರು. ಉತ್ತರವೇನೋ ಇತ್ತು, ಆ ಜಾಗದಲ್ಲಿ ಹೇಳುವಂಥದ್ದಾಗಿರಲಿಲ್ಲ.

ಇಷ್ಟಾದ ಮೇಲೆ ಆ ಪದಕ್ಕೆ ಬಹಿಷ್ಕಾರ ಬಿದ್ದಿರಬೇಕೆಂದು ನೀವು ಊಹಿಸಿದ್ದರೆ, ನೀವು ನಮ್ಮ ಕಡೆಯವರಲ್ಲ. ತಿಥಿಯ ಊಟಕ್ಕೆ ಕೂತ ಪಂಕ್ತಿಯಲ್ಲಿ, ಬನ್ನೂರಿನ ಅದೇ ಯಜಮಾನ ಪಕ್ಕದವನಿಗೆ ವಿವರಿಸುತ್ತಿದ್ದ: "ಏನಿಲ್ಲ ಕಣಪ್ಪಾ, ಗ್ಯಾಸು ಜಾಸ್ತಿಯಾಗಿ ಆರ್ಟಿಗೆ ಒಡ್ದ್‌ಬುಡ್ತು."

ಮೂಲೆಯಲ್ಲಿ ಕೂತಿದ್ದ ಗೌರಮ್ಮ ತಲೆಯೆತ್ತಿದರು. ಮೆತ್ತಗೇ ಹೇಳಿದರು: "ಹೂಸಿಂದ ಯಾರೂ ಸಾಯಕ್ಕಿಲ್ಲ ಕಣಣ್ಣಾ. ನೋವಿದ್ದದ್ದು ಎದೇಲಿ."

ತುತ್ತೆತ್ತಿದ ಕೈಗಳು ನಿಂತವು. ಸಾವಿಗೆ ಬೆಚ್ಚದ ಪಂಕ್ತಿ ಪದಕ್ಕೆ ಬೆಚ್ಚಿತು. "ತಿಥಿ ಮನೇಲಿ ಎಂಥಾ ಮಾತು!" ಎಂದು ಯಾರೋ ಗೊಣಗಿದರು. ಹೆಂಗಸು ದುಃಖದಲ್ಲಿ ಬುದ್ಧಿ ಕಳೆದುಕೊಂಡಿದ್ದಾಳೆಂದು ಮತ್ತೊಬ್ಬರು ಕ್ಷಮಿಸಿದರು. ಅಷ್ಟು ಜನರಲ್ಲಿ ಬುದ್ಧಿ ಸ್ಥಿಮಿತದಲ್ಲಿದ್ದದ್ದು ಅವರೊಬ್ಬರಿಗೇ ಎಂದು ನನಗನ್ನಿಸಿತು. ಬಹುಮತ ನನ್ನ ಕಡೆ ಇರಲಿಲ್ಲ.

ಅಂದಿನಿಂದ ನಾನು ಇಂಗ್ಲಿಷ್ ಪಾಠವನ್ನು ತಿರುವುಮುರುವಾಗಿ ಮಾಡುತ್ತಿದ್ದೇನೆ. ಜಗಲಿಗೆ ಬಂದವರು ಎದೆ ನೀವಿಕೊಳ್ಳುತ್ತಾ "ಏನೋ ಗ್ಯಾಸು ಮೇಷ್ಟ್ರೇ" ಎಂದರೆ, ಬೀದಿಗೆ ಕೇಳುವಂತೆ ಕನ್ನಡದಲ್ಲಿ ಕೇಳುತ್ತೇನೆ: "ಹೂಸೋ, ಎದೆ ನೋವೋ? ಎದೆ ನೋವಾದರೆ ನಡೀರಿ, ಈಗಲೇ ಆಸ್ಪತ್ರೆ." ಮುದುಕನಿಗೆ ಅರಳುಮರಳು, ನಾಲಗೆಗೆ ಲಗಾಮಿಲ್ಲ ಎಂದು ಮುಖ ಕೆಂಪಗೆ ಮಾಡಿಕೊಂಡು ಬಹಳ ಜನ ಎದ್ದು ಹೋಗಿದ್ದಾರೆ.

ಹೋಗಲಿ. ಎದ್ದು ಹೋಗುವಷ್ಟು ಚೆನ್ನಾಗಿದ್ದಾರಲ್ಲ.